ಭಾನುವಾರ ಅವರದು, ಬೆವರು ಯಾರದು?

ಶನಿವಾರ ಮಧ್ಯಾಹ್ನ ನಮ್ಮ ಹಾಸನದ ಹೊರವಲಯದಲ್ಲಿ ಹೆದ್ದಾರಿಯ ಬದಿಗೆ ಅರ್ಧ ಗಂಟೆ ನಿಂತು ನೋಡಿದವರಿಗೆ ಈ ಮೆರವಣಿಗೆ ಹೊಸದಲ್ಲ. ಬೆಂಗಳೂರಿನ ಕಡೆಯಿಂದ ಜೀಪುಗಳು ಸಾಲುಗಟ್ಟಿ ಬರುತ್ತವೆ. ಸೊಂಟದೆತ್ತರದ ಚಕ್ರ, ಮೂತಿಗೆ ವಿಂಚು, ಬೆನ್ನಿಗೆ ಸಲಿಕೆ, ತಲೆಯ ಮೇಲೆ ದೀಪಗಳ ಸಾಲು. ಸಕಲೇಶಪುರದ ಹಳ್ಳಕೊಳ್ಳಗಳಲ್ಲಿ ಗಾಡಿ ಇಳಿಸಿ, ಗುಡ್ಡಕ್ಕೆ ಹತ್ತಿಸಿ, ಕೆಸರು ಮೆತ್ತಿಕೊಂಡು ಭಾನುವಾರ ಸಂಜೆ ಹಿಂದಿರುಗುವುದು ಈ ಮಹನೀಯರ ಕಾರ್ಯಕ್ರಮ. ಹತ್ತು ಹದಿನೈದು ಲಕ್ಷದ ಗಾಡಿಯನ್ನು ಬೇಕೆಂದೇ ಕೆಸರಿಗೆ ಹಾಕಿ, ಅದನ್ನು ಮೇಲೆತ್ತುವುದರಲ್ಲಿ ಇವರಿಗೆ ಆನಂದ.

ಆನಂದವೇ ಪಾಪವೆಂದು ಬೋಧಿಸುವ ಸನ್ಯಾಸಿಗಳು ನಾವಲ್ಲ. ದುಡಿದವನಿಗೆ ವಿಶ್ರಾಂತಿ ಬೇಕು, ವಿನೋದವೂ ಬೇಕು. ಆದರೆ ಒಬ್ಬನ ವಿನೋದದ ಖರ್ಚನ್ನು ಇನ್ನೊಬ್ಬನ ಮೈಮೇಲೆ ಬರೆಯಲು ಬಿಡುವವರೂ ನಾವಲ್ಲ. ನಾವು ಕೇಳುವುದು ಲೆಕ್ಕ, ಅಷ್ಟೆ.

ಮೊದಲು ಈ ಭಾನುವಾರದ ಲೆಕ್ಕವನ್ನೇ ನೋಡೋಣ. ಅದು ದೇವರು ಕೊಟ್ಟದ್ದಲ್ಲ, ಮಾಲೀಕರು ದಾನ ಮಾಡಿದ್ದೂ ಅಲ್ಲ. 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಒಂದುಗೂಡಿಸಿದ ನಾರಾಯಣ ಮೇಘಾಜಿ ಲೋಖಂಡೆಯವರು ವಾರಕ್ಕೊಂದು ದಿನದ ರಜೆ ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಗಿರಣಿ ಮಾಲೀಕರು ಕೊನೆಗೂ ಒಪ್ಪಿದ್ದು 1890ರ ಜೂನ್ 10ರಂದು. ಮಗ್ಗದ ಮುಂದೆ ನಿಂತ ಕೂಲಿಕಾರ ಗೆದ್ದುಕೊಟ್ಟ ಆ ದಿನವನ್ನು ಇಂದು ಎಲ್ಲರೂ ಅನುಭವಿಸುತ್ತಾರೆ, ಸಂತೋಷ. ಆದರೆ ಜೀಪಿನವರ ಭಾನುವಾರ ನಡೆಯಬೇಕಾದರೆ ಗ್ಯಾರೇಜಿನ ಹುಡುಗನಿಗೆ ಭಾನುವಾರ ಇರಕೂಡದು! ವಾರವೆಲ್ಲ ಟ್ರ್ಯಾಕ್ಟರು, ಪಿಕಪ್ಪುಗಳ ಅಡಿಯಲ್ಲಿ ಮಲಗಿ ಎದ್ದವನಿಗೆ ಶನಿವಾರ ರಾತ್ರಿಯೇ ಹೊಸ ಕೆಲಸ ಶುರು.

ಒಂದು ಸಂಗತಿಯನ್ನು ಓದುಗರ ಮುಂದಿಡುತ್ತೇವೆ. ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಹತ್ತರ ಸುಮಾರಿಗೆ ಸಕಲೇಶಪುರ ತಾಲ್ಲೂಕಿನ ಒಬ್ಬ ಮೆಕ್ಯಾನಿಕ್ಕಿಗೆ ಫೋನು ಬಂತು. ನಾವು ಮೇಷ್ಟರಾಗಿದ್ದಾಗ ನಮ್ಮ ತರಗತಿಯಲ್ಲಿ ಕುಳಿತಿದ್ದ ಹುಡುಗ. ಈಗ ಇಪ್ಪತ್ತೆರಡರ ಪ್ರಾಯ. ಜೀಪೊಂದು ಹಳ್ಳದಲ್ಲಿ ಕುಳಿತುಬಿಟ್ಟಿದೆ, ಬೇಗ ಬಾ ಎಂದರು. ತನ್ನದೇ ಬೈಕಿಗೆ ತನ್ನದೇ ದುಡ್ಡಿನ ಪೆಟ್ರೋಲು ಹಾಕಿಕೊಂಡು, ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಹೊರಟ. ಸುರಿವ ಮಳೆಯಲ್ಲಿ, ಇಂಬಳದ ನಡುವೆ, ಗಾಡಿಯ ಅಡಿ ಒಂದೂವರೆ ಗಂಟೆ ಮಲಗಿ ಮುರಿದ ಶಾಫ್ಟು ಬಿಚ್ಚಿದ. ಇನ್ನು ಗಾಡಿಯನ್ನು ಮೇಲಕ್ಕೆಳೆಯುವುದು ಬಾಕಿ. ವಿಂಚಿನ ತಂತಿಯ ಮೇಲೆ ಒದ್ದೆ ಗೋಣಿಚೀಲ ಹಾಕಿ, ಎಲ್ಲರೂ ದೂರ ನಿಲ್ಲಿ, ಕೊಕ್ಕೆಯನ್ನು ಚಾಸಿಗೇ ಸಿಕ್ಕಿಸಿ ಎಂದು ಅವನು ಹೇಳಿದ. "ನಮಗೆ ಗೊತ್ತಿದೆ ಬಿಡಪ್ಪಾ, ನೀನು ಆ ಕಲ್ಲು ಹಿಡಿ" ಎಂದರು. ಅವನು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾಗಲೇ ತಂತಿ ಕಡಿಯಿತು. ಬಿಗಿದ ಉಕ್ಕಿನ ತಂತಿ ಕಡಿದರೆ ಚಾವಟಿಯಂತೆ ಹಿಂದಕ್ಕೆ ಬೀಸುತ್ತದೆ. ಹುಡುಗನ ಮುಂಗೈ ಮೂಳೆ ಮುರಿಯಿತು.

ಮೋಜುಗಾರರು ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಕೈಗೆ ಎರಡು ಸಾವಿರ ರೂಪಾಯಿ ತುರುಕಿ ಬೆಂಗಳೂರಿಗೆ ಹೊರಟುಹೋದರು. ಆರು ವಾರ ಕೆಲಸವಿಲ್ಲ, ಮನೆಯಲ್ಲಿ ತಾಯಿ, ತಂಗಿ. ಜೀಪಿಗೆ ವಿಮೆಯಿತ್ತು, ಜೀಪು ರಿಪೇರಿ ಮಾಡಿದ ಕೈಗೆ ಇರಲಿಲ್ಲ.

ಇದನ್ನು ಒಂದು ಆಕಸ್ಮಿಕವೆಂದು ತಳ್ಳಿಹಾಕಬೇಡಿ. ಕಾಡುಮೇಡಿನ ರಿಪೇರಿ ಎಂಬುದು ಅಂಗಡಿಯ ರಿಪೇರಿಯಲ್ಲ. ಅಲ್ಲಿ ಲಿಫ್ಟಿಲ್ಲ, ಬೆಳಕಿಲ್ಲ, ಬಿಡಿಭಾಗವಿಲ್ಲ. ಹಿಂದಿನ ಶಾಫ್ಟಿನ ಕ್ರಾಸ್ ಮುರಿದರೆ ಆ ಶಾಫ್ಟನ್ನೇ ಬಿಚ್ಚಿ ಬದಿಗಿಟ್ಟು, ಫೋರ್‌ವೀಲ್ ಹಾಕಿ, ಮುಂದಿನ ಎರಡೇ ಚಕ್ರದ ಬಲದಲ್ಲಿ ಗಾಡಿಯನ್ನು ಊರು ಮುಟ್ಟಿಸಬೇಕು. ಕಮಾನುಪಟ್ಟಿ ತುಂಡಾದರೆ ಮರದ ದಿಮ್ಮಿ ಕೊಟ್ಟು ಹಗ್ಗ ಬಿಗಿಯಬೇಕು. ಎಂಜಿನ್ನು ನೀರು ಕುಡಿದು ನಿಂತರೆ ಮತ್ತೆ ಸ್ಟಾರ್ಟ್ ಮಾಡಕೂಡದು. ಮಾಡಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಪೆಟ್ರೋಲ್ ಗಾಡಿಯಾದರೆ ಪ್ಲಗ್ಗು, ಡೀಸೆಲ್ ಆದರೆ ಇಂಜೆಕ್ಟರು ಬಿಚ್ಚಿ ನೀರನ್ನು ಹೊರಹಾಕಬೇಕು. ಗೇರ್ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆಯೆಂದು ಕಣ್ಣಲ್ಲೇ ಅಳೆಯಬೇಕು. ಇದು ವಿದ್ಯೆಯಲ್ಲವೇ? ಕಾಲೇಜಿನ ಕಾಗದ ಇಲ್ಲವೆಂಬ ಒಂದೇ ಕಾರಣಕ್ಕೆ ಈ ವಿದ್ಯೆಗೆ "ಟೀ ಕುಡಿಯೋಕೆ ಇಟ್ಟುಕೋ" ಎಂಬ ದರವೇ?

ಅತ್ತಕಡೆಯವರ ವಾದವೂ ನಮಗೆ ಗೊತ್ತಿದೆ. "ನಾವು ಬರುವುದರಿಂದ ಮಲೆನಾಡಿಗೆ ನಾಲ್ಕು ಕಾಸು ಬರುತ್ತದೆ" ಎನ್ನುತ್ತಾರೆ. ಬರುತ್ತದೆ, ಇಲ್ಲವೆನ್ನುವುದಿಲ್ಲ. ಚಹದಂಗಡಿಗೆ, ಪಂಕ್ಚರ್ ಅಂಗಡಿಗೆ, ಬಿಡಿಭಾಗ ಮಾರುವ ನಮ್ಮ ವ್ಯಾಪಾರಿ ಬಂಧುಗಳಿಗೆ ಅದರಿಂದ ವ್ಯಾಪಾರವಿದೆ. "ನೆರೆ ಬಂದಾಗ ಇದೇ ಗಾಡಿಗಳು ಜೀವ ಉಳಿಸುತ್ತವೆ" ಎಂದೂ ಹೇಳುತ್ತಾರೆ. 2018ರ ಕೇರಳದ ಪ್ರವಾಹದಲ್ಲಿ ಇಂಥ ಗಾಡಿಗಳ ಒಡೆಯರು ನೀರಿಗಿಳಿದು ಜನರನ್ನು ಹೊತ್ತು ತಂದದ್ದು ನಿಜ. ಅವರಿಗೆ ನಮ್ಮ ನಮಸ್ಕಾರ. ಆದರೆ ಒಂದು ದಿನದ ಉಪಕಾರ ವರ್ಷವಿಡೀ ಕಡಿಮೆ ಕೂಲಿ ಕೊಡಲು ರಹದಾರಿಯಲ್ಲ. ಹೋಮ್‌ಸ್ಟೇಯ ಕೋಣೆಗೆ, ಊಟಕ್ಕೆ, ಗಾಡಿಯ ಹೊಸ ಟೈರಿಗೆ ಬರೆದ ದರವನ್ನು ಮಾತಾಡದೆ ಕೊಡುವ ಕೈ ಮೆಕ್ಯಾನಿಕ್ಕಿನ ಮುಂದೆ ಮಾತ್ರ ಏಕೆ ಚೌಕಾಸಿಗಿಳಿಯುತ್ತದೆ?

ಇನ್ನು ದಾರಿಯ ಮಾತು. ಇವರಿಗೆ ಸಾಹಸದ ಮೈದಾನವಾದ ಮಣ್ಣಿನ ರಸ್ತೆಯೇ ಒಳಗಿನ ಹಳ್ಳಿಗೆ ಇರುವ ಒಂದೇ ರಸ್ತೆ. ಅದರ ಮೇಲೆ ಮಕ್ಕಳು ಶಾಲೆಗೆ ನಡೆಯಬೇಕು, ತೋಟದ ಕೂಲಿಗಳ ಗಾಡಿ ಓಡಬೇಕು, ಬಾಣಂತಿ ಆಸ್ಪತ್ರೆ ಸೇರಬೇಕು. ಮಳೆಯಲ್ಲಿ ಹತ್ತು ಜೀಪು ಚಕ್ರ ತಿರುವಿ ಹೋದ ಮೇಲೆ ಮೊಣಕಾಲುದ್ದದ ಗಾಡಿಜಾಡು ಬೀಳುತ್ತದೆ. ಸೋಮವಾರ ಆಟೋದವನು "ಬರಲ್ಲ ಕಣಮ್ಮ" ಎನ್ನುತ್ತಾನೆ. ಗುಡ್ಡದ ಹುಲ್ಲುಗಾವಲಿನದು ಇನ್ನೂ ನಾಜೂಕು. ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಅದನ್ನು ಚಕ್ರ ಕಿತ್ತರೆ ಜಾಡೇ ಕಾಲುವೆಯಾಗಿ, ಮಳೆ ನೀರು ಅದನ್ನೇ ಕೊರೆದು ಕೊರಕಲು ಮಾಡುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಜೀಪಿನವರ ತಲೆಗೆ ಕಟ್ಟುವ ಅನ್ಯಾಯ ನಾವು ಮಾಡುವುದಿಲ್ಲ. ಆದರೆ ಈ ಸೀಮೆಯ ಮಣ್ಣು ಎಷ್ಟು ಸಡಿಲವೆಂದು ಕಂಡ ಮೇಲೂ ಗುಡ್ಡದ ಚರ್ಮ ಸುಲಿಯುವುದನ್ನು ಸಾಹಸವೆಂದು ಕರೆಯಲಾರೆವು.

ಹಾಗಾದರೆ ಆಗಬೇಕಾದ್ದೇನು? ನಮ್ಮ ಒತ್ತಾಯಗಳು ಸ್ಪಷ್ಟವಾಗಿವೆ.

ಮೊದಲನೆಯದು, ಗುಂಪು ಕಟ್ಟಿ ಕಾಡುಮೇಡಿಗೆ ಬರುವವರು ಮೆಕ್ಯಾನಿಕ್ಕನ್ನು ಮೊದಲೇ ದಿನಗೂಲಿಗೆ ಗೊತ್ತುಮಾಡಿಕೊಂಡು ಬರಲಿ. ರಾತ್ರಿಗೆ ಬೇರೆ ದರ, ಹೋಗಿ ಬರುವ ಖರ್ಚು, ಊಟ, ಗಾಯವಾದರೆ ಚಿಕಿತ್ಸೆ ಮತ್ತು ಕಳೆದ ದಿನಗಳ ಕೂಲಿ ಎಲ್ಲವೂ ಮೊದಲೇ ಮಾತಾಗಲಿ. ಎಳೆಯುವ ಕೆಲಸದಲ್ಲಿ ಅವನ ಮಾತೇ ಕೊನೆಯ ಮಾತಾಗಲಿ.

ಎರಡನೆಯದು, ಗ್ಯಾರೇಜಿನವರು ಒಂದಾಗಿ ಒಂದೇ ದರಪಟ್ಟಿ ಬರೆದು ಎಲ್ಲ ಅಂಗಡಿಗಳಲ್ಲಿ ತೂಗುಹಾಕಲಿ. 1951ರ ಕಾಗೋಡಿನ ಗೇಣಿದಾರರ ಹೋರಾಟ ಎದ್ದದ್ದು ಭತ್ತ ಅಳೆಯುವ ಕೊಳಗದ ಪ್ರಶ್ನೆಯಿಂದ. ಅಳತೆಗೋಲು ಧನಿಕನ ಕೈಯಲ್ಲಿರುವವರೆಗೆ ಬಡವನಿಗೆ ನ್ಯಾಯವಿಲ್ಲವೆಂದು ಮಲೆನಾಡು ಅಂದೇ ಕಲಿತಿದೆ. ಪಕ್ಕದ ಅಂಗಡಿಯವನು ನೂರು ರೂಪಾಯಿ ಕಡಿಮೆಗೆ ಹೋಗುತ್ತಾನೆಂಬ ಭಯವೇ ನಮ್ಮ ನಿಜವಾದ ಶತ್ರು.

ಮೂರನೆಯದು, ಮಾಡಿದ ಹಾಳನ್ನು ಮಾಡಿದವರೇ ಸರಿಪಡಿಸಲಿ. ಊರ ರಸ್ತೆ ಬಳಸುವ ಗುಂಪು ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಜಾಡು ಮುಚ್ಚುವ ಖರ್ಚು ಕಟ್ಟಲಿ. ಮಳೆಗಾಲದಲ್ಲಿ ಹುಲ್ಲುಗಾವಲಿಗೆ ಚಕ್ರ ಹತ್ತಿಸುವುದು ನಿಲ್ಲಲಿ. ಅಭಯಾರಣ್ಯಕ್ಕಂತೂ 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ಸೌದೆಗೆ ಹೋದ ಹೆಂಗಸನ್ನು ತಡೆಯುವ ಗಾರ್ಡು ದೀಪದ ಜೀಪಿಗೆ ಸಲಾಮು ಹೊಡೆದರೆ ಅದನ್ನು ಕಾನೂನೆನ್ನುತ್ತಾರೆಯೇ?

ಕೊನೆಯ ಮಾತು ನಮ್ಮವರಿಗೇ. 2024ರಲ್ಲಿ ರಾಜ್ಯದಲ್ಲಿ ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ ಬಂದಿದೆ. ಚಾಲಕ, ಕ್ಲೀನರು ಮಾತ್ರವಲ್ಲ, ಗ್ಯಾರೇಜಿನ ಕೆಲಸಗಾರನೂ ಅದರಡಿ ಬರುತ್ತಾನೆ. ಅಂಗಡಿಯಲ್ಲಿ ದುಡಿಯುವವನಿಗೆ ವಾರಕ್ಕೊಂದು ಪೂರ್ಣ ದಿನದ ರಜೆಯನ್ನು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೇ ಬರೆದಿಟ್ಟಿದೆ. ಆದರೆ ಹೆಸರು ಬರೆಸದವನಿಗೆ ಕಾಯಿದೆ ತಾನಾಗಿ ಬಾಗಿಲು ತಟ್ಟುವುದಿಲ್ಲ. ನಮ್ಮ ಆ ಹುಡುಗನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ; ಕೈ ಮುರಿದ ಮೇಲೆ ಅವನೂ ನಾವೂ ಪಟ್ಟಿ ಹುಡುಕಿಕೊಂಡು ಹೋದೆವು. ಆ ತಪ್ಪಿನಲ್ಲಿ ಸಂಘಟಕರಾದ ನಮ್ಮದೂ ಪಾಲಿದೆ ಎಂದು ಒಪ್ಪಿಕೊಳ್ಳುತ್ತೇವೆ.

ಗಿರಣಿಯ ಗೆಳೆಯರೇ, ನಿಮ್ಮ ಬೀದಿಯ ಗ್ಯಾರೇಜಿನಲ್ಲಿ ನಿಮ್ಮದೇ ತಮ್ಮ, ನಿಮ್ಮದೇ ಮಗ ಇದ್ದಾನೆ. ವ್ಯಾಪಾರಿ ಬಂಧುಗಳೇ, ನಿಮ್ಮ ಅಂಗಡಿಯ ಬೋಲ್ಟು ಬಿಗಿಯುವವನೂ ಅವನೇ. ಈ ವಾರವೇ ಅವನನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿ. ಜೀಪಿನವರ ದಾರಿಗೆ ಅಡ್ಡ ಮಲಗಿರೆಂದು ನಾವು ಹೇಳುತ್ತಿಲ್ಲ. ಮುಂದಿನ ಶನಿವಾರ ರಾತ್ರಿ ಫೋನು ಬಂದಾಗ ನಮ್ಮ ಹುಡುಗ ಮೊದಲು ದರ ಹೇಳಲಿ, ಆಮೇಲೆ ಸ್ಪ್ಯಾನರು ಎತ್ತಲಿ.