ಸಾಧು ಕುದುರೆಯಲ್ಲ, ಕಿವಿಗೊಡುವ ಕುದುರೆ ಬೇಕು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಾವು ಸೋಮಾರಿಗಳನ್ನು ಹಂಗಿಸಲು ಬಳಸುತ್ತೇವೆ. ಆದರೆ ಕಾಲಿನ ಸ್ವಾಧೀನವನ್ನೇ ಕಳೆದುಕೊಂಡವರು ಕುದುರೆಯೇರಿ ಒಲಿಂಪಿಕ್ ಪದಕ ಗೆದ್ದ ಇತಿಹಾಸವೂ ಇದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಪೋಲಿಯೊಗೆ ತುತ್ತಾದರು. ಚೇತರಿಸಿಕೊಂಡರೂ ಮೊಣಕಾಲಿನಿಂದ ಕೆಳಗೆ ಶಕ್ತಿ ಮರಳಲಿಲ್ಲ. ಒಲಿಂಪಿಕ್ ಡ್ರೆಸಾಜ್ ಸ್ಪರ್ಧೆ ಮಹಿಳೆಯರಿಗೆ ಮೊದಲ ಬಾರಿಗೆ ತೆರೆದುಕೊಂಡದ್ದು 1952ರ ಹೆಲ್ಸಿಂಕಿ ಕೂಟದಲ್ಲಿ. ಅಲ್ಲಿ ಜುಬಿಲಿ ಎಂಬ ಹೆಣ್ಣು ಕುದುರೆಯ ಮೇಲೆ ಅವರು ಬೆಳ್ಳಿ ಪದಕ ಗೆದ್ದರು. 1956ರಲ್ಲಿ ಇನ್ನೊಂದು ಬೆಳ್ಳಿ. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ನೆರವು ಬೇಕಿತ್ತು. ಹತ್ತಿ ಕುಳಿತ ಮೇಲೆ ಬೇಕಾದದ್ದು ಕುದುರೆಯ ನೆರವು ಮಾತ್ರ.

ಡ್ರೆಸಾಜ್ ಎಂದರೆ ಓಟವಲ್ಲ, ಜಿಗಿತವೂ ಅಲ್ಲ. ಅಕ್ಷರಗಳ ಗುರುತುಳ್ಳ ಆಯತಾಕಾರದ ಅಂಕಣದಲ್ಲಿ ಗೊತ್ತುಪಡಿಸಿದ ನಡಿಗೆ, ತಿರುವು, ವೃತ್ತ, ನಿಲುಗಡೆಗಳನ್ನು ಕುದುರೆಯಿಂದ ಮಾಡಿಸುವ ವಿದ್ಯೆ ಅದು. ಸವಾರ ಕೊಡುವ ಸೂಚನೆ ನೋಡುಗರ ಕಣ್ಣಿಗೆ ಬೀಳಬಾರದು. ಕುದುರೆಗೆ ಮಾತ್ರ ತಿಳಿಯಬೇಕು. ಅಂಗವಿಕಲರಿಗೆ ಈ ಕ್ರೀಡೆ ಒಗ್ಗಿದ್ದು ಇದೇ ಕಾರಣಕ್ಕೆ. 1996ರ ಅಟ್ಲಾಂಟಾ ಕೂಟದಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನವಿದೆ. ವೈಕಲ್ಯದ ತೀವ್ರತೆಗೆ ತಕ್ಕಂತೆ ಸವಾರರನ್ನು ಐದು ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಅತಿ ತೀವ್ರ ವೈಕಲ್ಯದವರ ಮೊದಲ ದರ್ಜೆಯಲ್ಲಿ ಕುದುರೆ ಬರಿಯ ಹೆಜ್ಜೆ ಹಾಕಿ ನಡೆದರೆ ಸಾಕು; ಮೇಲಿನ ದರ್ಜೆಗಳಲ್ಲಿ ಟ್ರಾಟ್, ಕ್ಯಾಂಟರ್ ಸೇರಿಕೊಳ್ಳುತ್ತವೆ. ಕಾಲಿನ ಬದಲು ಚಾಟಿಯ ಸ್ಪರ್ಶ, ಬೆರಳು ಹಿಡಿಯದವರಿಗೆ ಕುಣಿಕೆಯುಳ್ಳ ಲಗಾಮು, ಕಣ್ಣು ಕಾಣದವರಿಗೆ ಅಕ್ಷರವನ್ನು ಕೂಗಿ ಹೇಳುವ ಸಹಾಯಕರು, ಇವೆಲ್ಲಕ್ಕೂ ನಿಯಮದಲ್ಲೇ ಅವಕಾಶವಿದೆ.

ಪಶುವೈದ್ಯನಾಗಿ ಕುದುರೆಗಳನ್ನು ಪರೀಕ್ಷಿಸುತ್ತ ಬಂದ ನನ್ನನ್ನು ಅಂಗವಿಕಲ ಮಕ್ಕಳ ತಂದೆತಾಯಂದಿರು ಆಗಾಗ ಕೇಳುವುದುಂಟು: ‘ಡಾಕ್ಟ್ರೇ, ನಮ್ಮ ಮಗಳಿಗೆ ಒಂದು ಸಾಧು ಕುದುರೆ ನೋಡಿಕೊಡಿ.’ ಅವರ ಆತಂಕ ಸಹಜವಾದದ್ದು. ನಾನೂರೈವತ್ತು, ಐನೂರು ಕಿಲೋ ತೂಗುವ, ಬೆದರಿದರೆ ಮೊದಲು ಓಡಿ ಆಮೇಲೆ ಯೋಚಿಸುವ ಪ್ರಾಣಿ ಅದು. ಆದರೆ ‘ಸಾಧು’ ಎಂಬ ಮಾತಿಗೆ ಅವರು ಕೊಡುವ ಅರ್ಥದ ಬಗ್ಗೆ ನನ್ನ ತಕರಾರಿದೆ. ಎಷ್ಟು ತಿವಿದರೂ ಅಲುಗಾಡದ, ವಯಸ್ಸಾದ, ಉತ್ಸಾಹವೆಲ್ಲ ಬತ್ತಿದ ಕುದುರೆಯೇ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಚಿಕಿತ್ಸೆಯ ಭಾಗವಾಗಿ ಮಗುವನ್ನು ಕೂರಿಸಿ, ಒಬ್ಬರು ಹಗ್ಗ ಹಿಡಿದು ನಡೆಸುವುದಕ್ಕೆ ಅಂಥ ಕುದುರೆ ಸಾಕಾಗಬಹುದು. ಡ್ರೆಸಾಜ್‌ಗೆ ಸಾಲದು. ಅಲ್ಲಿ ನಿರ್ಧಾರ ಮಾಡುವವಳು ಸವಾರಿಣಿ, ಹಗ್ಗ ಹಿಡಿದವರಲ್ಲ.

ಸ್ವಲ್ಪ ಯೋಚಿಸಿ ನೋಡಿ. ಗಟ್ಟಿಮುಟ್ಟಾದ ಸವಾರನ ಒದೆತಕ್ಕೂ ಜಗ್ಗದ ಕುದುರೆ, ಕಾಲಿನಲ್ಲಿ ಬಲವೇ ಇಲ್ಲದ ಹುಡುಗಿಯ ಮಾತನ್ನು ಕೇಳುವುದು ಹೇಗೆ? ಸವಾರನ ಬಲ ಕಡಿಮೆಯಾದಷ್ಟೂ ಕುದುರೆಯ ಸೂಕ್ಷ್ಮತೆ ಹೆಚ್ಚಬೇಕು. ಬ್ರಿಟನ್ನಿನ ನತಾಶಾ ಬೇಕರ್ ಎಳೆಗೂಸಾಗಿದ್ದಾಗಲೇ ಬೆನ್ನುಹುರಿಯ ಉರಿಯೂತದಿಂದ ಕಾಲುಗಳ ಬಲ ಕಳೆದುಕೊಂಡವರು. ಕಾಬ್ರಾಲ್ ಎಂಬ ತಮ್ಮ ಕುದುರೆಯನ್ನು ಅವರು ಪಳಗಿಸಿದ್ದು ಕಾಲಿನ ಒತ್ತಡಕ್ಕಲ್ಲ, ಜೀನಿನ ಮೇಲಿನ ತಮ್ಮ ಮೈಭಾರದ ಚಲನೆಗೆ. ಅದೇ ಜೋಡಿ 2012ರ ಲಂಡನ್‌ನಲ್ಲಿ ಎರಡು, 2016ರ ರಿಯೊದಲ್ಲಿ ಮೂರು ಚಿನ್ನದ ಪದಕ ಗೆದ್ದಿತು. ಮೊದ್ದು ಕುದುರೆಯಿಂದ ಇದು ಆಗುವ ಕೆಲಸವಲ್ಲ.

ಹಾಗೆಂದು ಚುರುಕಾದ ಕುದುರೆಯೆಲ್ಲ ಸರಿಹೊಂದುತ್ತದೆ ಎಂದೂ ಅಲ್ಲ. ಸೂಕ್ಷ್ಮತೆ ಬೇರೆ, ಅಂಜಿಕೆ ಬೇರೆ. ಸವಾರನ ಪಿಸುಮಾತಿಗೆ ಕಿವಿಗೊಡುವ ಕುದುರೆ, ಹಾರಿ ಬಂದ ಪ್ಲಾಸ್ಟಿಕ್ ಚೀಲವನ್ನು ಕಡೆಗಣಿಸಬೇಕು. ಸೆರೆಬ್ರಲ್ ಪಾಲ್ಸಿ ಇರುವ ಸವಾರನ ಕಾಲು ಸೆಳೆತದಿಂದ ಇದ್ದಕ್ಕಿದ್ದಂತೆ ಬಿಗಿದಾಗ, ಅದು ‘ಓಡು’ ಎಂಬ ಆಜ್ಞೆಯಲ್ಲ ಎಂದು ಅರಿಯಬೇಕು. ಎಡಗಡೆಯ ಸೂಚನೆ ಗಟ್ಟಿಯಾಗಿ, ಬಲಗಡೆಯದು ಕ್ಷೀಣವಾಗಿ ಬಂದರೂ ನೇರ ನಡೆಯಬೇಕು. ಸವಾರ ಸಮತೋಲ ತಪ್ಪಿದರೆ ನಿಲ್ಲಬೇಕು. ಈ ಗುಣಗಳಲ್ಲಿ ಅರ್ಧ ಹುಟ್ಟಿನಿಂದ ಬಂದದ್ದು, ಉಳಿದರ್ಧ ತಾಳ್ಮೆಯಿಂದ ಕಲಿಸಿದ್ದು.

ಆದ್ದರಿಂದ ಕುದುರೆ ನೋಡಲು ಹೋದವರು ಅದರ ಬಣ್ಣ, ವಂಶಾವಳಿಗಳಿಗೆ ಮರುಳಾಗುವುದಕ್ಕೆ ಮೊದಲು ಕೆಲವು ಸಂಗತಿಗಳನ್ನು ಪರೀಕ್ಷಿಸಬೇಕು. ಹತ್ತುವ ಕಟ್ಟೆಯ ಪಕ್ಕದಲ್ಲಿ ಅದು ಐದು ನಿಮಿಷ ಅಲುಗದೆ ನಿಲ್ಲುತ್ತದೆಯೇ? ಬಲಗಡೆಯಿಂದಲೂ ಹತ್ತಗೊಡುತ್ತದೆಯೇ? ಗಾಲಿಕುರ್ಚಿ ಸದ್ದು ಮಾಡುತ್ತ ಬಂದರೆ, ಊರುಗೋಲು ಕೆಳಗೆ ಬಿದ್ದರೆ ಏನು ಮಾಡುತ್ತದೆ? ಬಾಯಿಮಾತಿಗೆ ನಿಲ್ಲುತ್ತದೆಯೇ? ಮಾರುವವರ ಕಡೆಯವರೇ ಮೊದಲು ಸವಾರಿ ಮಾಡಿ ತೋರಿಸಲಿ. ಆಮೇಲೆ ತರಬೇತುದಾರರು ಕಾಲನ್ನು ಬಳಸದೆ, ಕೈಯನ್ನು ಸಡಿಲಬಿಟ್ಟು ನೋಡಲಿ. ಕಡೆಗೆ ಸವಾರರ ಸರದಿ. ಮರುದಿನ ಮತ್ತೆ ಹೋಗಬೇಕು, ಸಾಧ್ಯವಾದರೆ ಹೇಳದೆ ಕೇಳದೆ. ನಿಮಗೆ ತೋರಿಸುವ ಮೊದಲೇ ಕುದುರೆಯನ್ನು ದುಡಿಸಿ ದಣಿಸಿರುವುದುಂಟು. ಮಂಪರು ಔಷಧಿಯಿಂದ ಅದು ‘ಸಾಧು’ವಾಗಿರುವುದೂ ಉಂಟು. ಖರೀದಿಗೆ ಮುನ್ನ ಕುದುರೆಯ ರಕ್ತದ ಮಾದರಿ ತೆಗೆದು ಆರು ತಿಂಗಳು ಕಾಪಿಡುವ ಪದ್ಧತಿ ಬ್ರಿಟನ್ನಿನಲ್ಲಿ ಬೆಳೆದದ್ದು ಸುಮ್ಮನೆ ಅಲ್ಲ.

ಕುದುರೆಯ ನಡಿಗೆಯನ್ನೂ ಸವಾರನ ದೇಹದೊಂದಿಗೆ ಹೊಂದಿಸಿ ನೋಡಬೇಕು. ಪುಟಿಯುವ ಭಾರಿ ಹೆಜ್ಜೆಗೆ ತೀರ್ಪುಗಾರರು ಅಂಕ ಕೊಡುತ್ತಾರೆ, ನಿಜ. ಆದರೆ ಸೊಂಟದಲ್ಲಿ ಬಲವಿಲ್ಲದವರನ್ನು ಅದೇ ಹೆಜ್ಜೆ ಜೀನಿನಿಂದ ಎತ್ತಿ ಹಾಕುತ್ತದೆ. ಬೆನ್ನು ತೀರಾ ಅಗಲವಾಗಿದ್ದರೆ ತೊಡೆಯ ಸ್ನಾಯು ಬಿಗಿದವರಿಗೆ ಕೂರುವುದೇ ಹಿಂಸೆ. ಎತ್ತರ ಹೆಚ್ಚಾದಷ್ಟೂ ನೆರವಾಗುವವರ ಕೈಗೆ ಸವಾರ ಎಟುಕುವುದು ಕಷ್ಟ. ಇನ್ನು ಕುದುರೆಯ ಆರೋಗ್ಯ. ಬೆನ್ನುನೋವು, ಕೀಲುನೋವು ಇರುವ ಕುದುರೆ ಎಷ್ಟೇ ಒಳ್ಳೆಯ ಸ್ವಭಾವದ್ದಾದರೂ ಒಂದು ದಿನ ಸಹನೆ ಕಳೆದುಕೊಳ್ಳುತ್ತದೆ. ಒಂದು ಪಕ್ಕಕ್ಕೆ ವಾಲಿ ಕೂರುವ ಸವಾರರ ಭಾರ ಕುದುರೆಯ ಬೆನ್ನಿನ ಒಂದೇ ಕಡೆ ಬೀಳುವುದರಿಂದ ಜೀನಿನ ಅಳತೆಯನ್ನು ಪದೇ ಪದೇ ಪರಿಶೀಲಿಸಬೇಕಾಗುತ್ತದೆ.

ನಮ್ಮಲ್ಲಿ ಈ ಹುಡುಕಾಟಕ್ಕೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿರುವ ಕುದುರೆಗಳಲ್ಲಿ ಅನೇಕವು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ರೇಸಿನ ಕುದುರೆ ಕಲಿತ ಪಾಠವೇ ಬೇರೆ. ಜಾಕಿ ಅದರ ಬೆನ್ನ ಮೇಲೆ ಪೂರ್ತಿ ಕೂರುವುದಿಲ್ಲ. ರಿಕಾಪಿನ ಮೇಲೆ ನಿಂತು ಬಾಗಿರುತ್ತಾನೆ. ಲಗಾಮನ್ನು ಬಿಗಿಹಿಡಿದರೆ ಅದಕ್ಕೆ ಆನಿಕೊಂಡು ಇನ್ನಷ್ಟು ವೇಗವಾಗಿ ಓಡುವುದೇ ಅದರ ಅಭ್ಯಾಸ. ಸಮತೋಲ ತಪ್ಪಿ ಗಾಬರಿಯಿಂದ ಲಗಾಮು ಎಳೆದ ಅಂಗವಿಕಲ ಸವಾರನಿಗೆ ಇದರ ಪರಿಣಾಮ ಏನಾಗಬಹುದೆಂದು ಊಹಿಸಬಹುದು. ಆದರೂ ಈ ತಳಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಸೂಕ್ಷ್ಮತೆ ಅದರ ರಕ್ತದಲ್ಲೇ ಇದೆ. ಸ್ವಭಾವ ನೋಡಿ ಆರಿಸಿ, ಹಳೆಯ ಪಾಠ ಮರೆಸಿ ಹೊಸದು ಕಲಿಸಲು ತಿಂಗಳುಗಳಲ್ಲ, ವರ್ಷಗಳೇ ಬೇಕಾಗಬಹುದು. ಆ ಕಾಲವನ್ನೂ ಖರ್ಚನ್ನೂ ಒಂದು ಕುಟುಂಬದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೂಲ ಪ್ರಶ್ನೆ ಇರುವುದು ಇಲ್ಲಿಯೇ. ‘ಸುರಕ್ಷತೆ’ ಎಂಬ ಪದವನ್ನು ನಾವು ಅಂಗವಿಕಲರ ವಿಷಯದಲ್ಲಿ ಬಹುಮಟ್ಟಿಗೆ ಬಾಗಿಲು ಮುಚ್ಚಲು ಬಳಸುತ್ತ ಬಂದಿದ್ದೇವೆ. ಸಾಮಾನ್ಯ ಶಾಲೆ ಸುರಕ್ಷಿತವಲ್ಲ, ಬಸ್ಸು ಸುರಕ್ಷಿತವಲ್ಲ, ಈಜುಕೊಳ ಸುರಕ್ಷಿತವಲ್ಲ. ಮನೆಯ ಮೂಲೆಯೊಂದೇ ಸುರಕ್ಷಿತ. ಕುದುರೆ ಲಾಯದ ಬಾಗಿಲಲ್ಲೂ ಕೇಳಿಬರುವುದು ಅದೇ ಮಾತು. ಪ್ಯಾರಾ ಡ್ರೆಸಾಜ್‌ನ ನಿಯಮವೊಂದು ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಸವಾರರಿಗೆ ಪಟ್ಟಿ, ಹಿಡಿಕೆ ಮೊದಲಾದ ಎಷ್ಟೋ ಸಾಧನಗಳಿಗೆ ಅನುಮತಿ ಇದ್ದರೂ ಅವರನ್ನು ಜೀನಿಗೆ ಬಿಗಿದು ಕಟ್ಟಿಹಾಕುವಂತಿಲ್ಲ. ಬೀಳುವ ಸಂದರ್ಭ ಬಂದರೆ ಕುದುರೆಯಿಂದ ಬಿಡಿಸಿಕೊಂಡು ಬೀಳುವಂತಿರಬೇಕು. ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ ಎಂದು ಒಪ್ಪಿಕೊಂಡೇ ಅದನ್ನು ಕಡಿಮೆ ಮಾಡುವ ಪ್ರಾಮಾಣಿಕತೆ ಆ ನಿಯಮದಲ್ಲಿದೆ. ಬೀಳುವ ಹಕ್ಕಿಲ್ಲದವರಿಗೆ ಏರುವ ಹಕ್ಕೂ ಇರುವುದಿಲ್ಲ.

2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ಭಾರತ ಚಿನ್ನ ಗೆದ್ದಾಗ ನಾವೆಲ್ಲ ಸಂಭ್ರಮಿಸಿದೆವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರೇ. ಕ್ರೀಡೆಗಳಲ್ಲಿ ಅಂಗವಿಕಲರು ಪರಿಣಾಮಕಾರಿಯಾಗಿ ಭಾಗವಹಿಸುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಸಂಭ್ರಮವೂ ಇದೆ, ಕಾನೂನೂ ಇದೆ. ಇಲ್ಲದಿರುವುದು ಕುದುರೆ ಮಾತ್ರ.

ಅದಕ್ಕೆ ದಾರಿ ಇಲ್ಲದೆ ಇಲ್ಲ. ದೊಡ್ಡ ಸವಾರಿ ಶಾಲೆಗಳು ತಲಾ ಒಂದೆರಡು ಕುದುರೆಗಳನ್ನು ಅಂಗವಿಕಲ ಸವಾರರಿಗೆಂದೇ ಪಳಗಿಸಿ ಇಟ್ಟುಕೊಳ್ಳಬಹುದು. ರೇಸ್ ಉದ್ಯಮ ತನ್ನ ನಿವೃತ್ತ ಕುದುರೆಗಳಲ್ಲಿ ಯೋಗ್ಯವಾದವನ್ನು ಗುರುತಿಸಿ, ಅವುಗಳ ಮರುತರಬೇತಿಯ ವೆಚ್ಚದಲ್ಲಿ ಪಾಲು ಹೊರಬಹುದು. ಗಾಲಿಕುರ್ಚಿ ಏರಬಲ್ಲ ಇಳಿಜಾರಿನ ಕಟ್ಟೆಯೊಂದಕ್ಕೆ ಬೇಕಾಗುವುದು ಇಟ್ಟಿಗೆ, ಸಿಮೆಂಟು ಮತ್ತು ಒಂದಿಷ್ಟು ಮನಸ್ಸು. ಕುದುರೆಯನ್ನು ಕೊಳ್ಳಲಾಗದ ಕುಟುಂಬಗಳು ವಾರಕ್ಕೆರಡು ದಿನ ಹಂಚಿಕೊಂಡು ಬಳಸುವ ಏರ್ಪಾಡೂ ಸಾಧ್ಯ. ಪ್ಯಾರಾಲಿಂಪಿಕ್ಸ್ ಸವಾರರೇ ಅಟ್ಲಾಂಟಾದಲ್ಲಿ ಎರವಲು ಕುದುರೆಗಳ ಮೇಲೆ ಸ್ಪರ್ಧಿಸಿದ್ದರೆಂಬುದನ್ನು ಮರೆಯಬಾರದು.

‘ಸಾಧು ಕುದುರೆ ನೋಡಿಕೊಡಿ’ ಎಂದು ಕೇಳುವ ತಂದೆತಾಯಂದಿರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಮಗಳನ್ನು ಹೊತ್ತು ಸುಮ್ಮನೆ ನಿಲ್ಲುವ ಕುದುರೆಯನ್ನು ಹುಡುಕಬೇಡಿ. ಅವಳು ‘ನಡೆ’ ಎಂದಾಗ ನಡೆಯುವ, ‘ನಿಲ್ಲು’ ಎಂದಾಗ ನಿಲ್ಲುವ ಕುದುರೆಯನ್ನು ಹುಡುಕಿ. ದಿನವಿಡೀ ಬೇರೆಯವರು ಹೇಳಿದಂತೆ ಕೇಳಬೇಕಾದ ಜೀವಕ್ಕೆ, ತನ್ನ ಮಾತನ್ನು ಕೇಳುವ ಇನ್ನೊಂದು ಜೀವ ದೊರಕುವುದು ಸಣ್ಣ ಸಂಗತಿಯಲ್ಲ.