ಡಿಕ್ಕಿ ಮನೆಯವರಿಗೆ ಬಿಡಿ, ವೂಫರ್ ಸೀಟಿನ ಕೆಳಗಿರಲಿ

ನಮ್ಮ ಬಳಗದ ಗೆಳೆಯನೊಬ್ಬ ಹೋದ ವರ್ಷ ಹಳೆಯ ಸಣ್ಣ ಕಾರೊಂದನ್ನು ಕೊಂಡ. ತಿಂಗಳೊಳಗೆ ಅದರ ಡಿಕ್ಕಿಗೆ 12 ಇಂಚಿನ ವೂಫರ್ ಬಾಕ್ಸ್ ಬಂತು. ಹಾಡು ಹಾಕಿದರೆ ಎದೆಯೊಳಗೇ ತಮಟೆ ಬಡಿದ ಹಾಗೆ. ನಮಗೂ ಖುಷಿಯೇ ಆಗಿತ್ತು. ಒಂದು ರಾತ್ರಿ ಅಮ್ಮನನ್ನು ತಾಲೂಕು ಆಸ್ಪತ್ರೆಯಿಂದ ಕರೆತರುವಾಗ ಟೈರ್ ಪಂಚರ್ ಆಯಿತು. ಸ್ಟೆಪ್ನಿ ಇದ್ದದ್ದು ಬಾಕ್ಸಿನ ಕೆಳಗೆ. ಬಾಕ್ಸಿಗೆ ಸ್ಕ್ರೂ ಬಿಗಿದಿದ್ದರು, ಬಿಚ್ಚಲು ಸ್ಕ್ರೂಡ್ರೈವರ್ ಇರಲಿಲ್ಲ. ಹುಷಾರಿಲ್ಲದ ಅಮ್ಮ ಮೋರಿ ಕಟ್ಟೆಯ ಮೇಲೆ ಒಂದೂವರೆ ಗಂಟೆ ಕೂತರು. ಮರುದಿನ ಮನೆಯಲ್ಲಿ ದೊಡ್ಡ ಜಗಳ.

ಈ ಜಗಳದಲ್ಲಿ ನಾವು ಇಬ್ಬರ ಕಡೆಯೂ ಇದ್ದೇವೆ. ಹುಡುಗನಿಗೆ ಹಾಡಿನ ಆಸೆ ಇರುವುದು ತಪ್ಪಲ್ಲ. ಆದರೆ ಹಳ್ಳಿಯಲ್ಲಿ ಕಾರು ಒಬ್ಬನದ್ದಲ್ಲ. ಸಂತೆ ಸಾಮಾನು, ಗೊಬ್ಬರದ ಚೀಲ, ಮದುವೆಗೆ ಹೊರಟವರ ಬ್ಯಾಗು ಎಲ್ಲವೂ ಹೋಗುವುದು ಅದೇ ಡಿಕ್ಕಿಯಲ್ಲಿ. ಆಲ್ಟೊ ಕೆ10ನಂಥ ಕಾರಿನ ಡಿಕ್ಕಿ 214 ಲೀಟರ್ ಅಷ್ಟೇ. ಸಿಎನ್‌ಜಿ ಕಾರಾದರೆ ಸಿಲಿಂಡರೇ ಅರ್ಧ ಜಾಗ ತಿಂದಿರುತ್ತದೆ. ಅದರಲ್ಲಿ ದೊಡ್ಡ ಬಾಕ್ಸ್ ಕೂರಿಸಿದರೆ ಉಳಿದವರಿಗೆ ಏನು ಉಳಿಯಿತು?

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಬೇಸ್ ಬೇಕಾದರೆ ಹಾಕಿಸಿ, ಆದರೆ ಕಣ್ಣಿಗೆ ಕಾಣದ ಜಾಗದಲ್ಲಿ ಹಾಕಿಸಿ. ಉಳಿದ ದುಡ್ಡನ್ನು ಒಳ್ಳೆಯ ವೈರಿಗೆ ಖರ್ಚು ಮಾಡಿ.

ಮುಚ್ಚಿಟ್ಟರೆ ಸದ್ದು ಕೆಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ವೂಫರ್ ನುಡಿಸುವುದು ಸುಮಾರು 20ರಿಂದ 100 ಹರ್ಟ್ಸ್‌ವರೆಗಿನ ತಗ್ಗಿನ ಸದ್ದನ್ನು. 50 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ, ಅಂದರೆ ಕಾರಿಗಿಂತ ಉದ್ದ. ಇಂಥ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಎಂದು ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಹಾಡುಗಾರರ ದನಿ ಬಾಗಿಲ ಸ್ಪೀಕರಿನಿಂದ ಬರುತ್ತದೆ, ತಮಟೆಯ ಪೆಟ್ಟು ಸೀಟಿನ ಕೆಳಗಿಂದ ಬಂದರೂ ನಡೆಯುತ್ತದೆ.

ಸಣ್ಣ ಕಾರಿಗೆ ಮೊದಲ ದಾರಿ ಸೀಟಿನ ಕೆಳಗೆ ಇಡುವ ಚಪ್ಪಟೆ ವೂಫರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಸರಿಸಿ ಎರಡೂ ಕಡೆ ಟೇಪ್ ಹಿಡಿದು ಎತ್ತರ ಅಳೆಯಿರಿ. ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಕೈ ಹಾಕಬೇಡಿ. ಕಾರು ತೊಳೆಯುವಾಗ ನೆಲಕ್ಕೆ ಪೈಪ್ ಹಿಡಿಯುವ ಅಭ್ಯಾಸವನ್ನೂ ಬಿಡಬೇಕು.

ಎರಡನೆಯ ದಾರಿ ಸ್ಟೆಪ್ನಿಯ ಹೊಟ್ಟೆಯೊಳಗೆ ಕೂರುವ ದುಂಡನೆಯ ವೂಫರ್. ಚಕ್ರ ಅಲ್ಲೇ ಇರುತ್ತದೆ, ಬೋಲ್ಟ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಇವೆರಡೂ 12 ಇಂಚಿನ ಬಾಕ್ಸಿನಷ್ಟು ಗುದ್ದುವುದಿಲ್ಲ ಎಂಬುದು ನಿಜ. ಆದರೆ ಕಾರಿನೊಳಗೆ ಕೂತ ನಾಲ್ಕೈದು ಜನರಿಗೆ ಧಾರಾಳ ಸಾಕು.

ಕೆಲವು ಅಂಗಡಿಯವರು ‘ಸ್ಟೆಪ್ನಿ ತೆಗೆದು ಆ ಗುಂಡಿಯಲ್ಲೇ ಬಾಕ್ಸ್ ಕಟ್ಟಿಕೊಡ್ತೀವಿ’ ಎನ್ನುತ್ತಾರೆ. ಒಪ್ಪಬೇಡಿ. ಸ್ಟೆಪ್ನಿ ಇಲ್ಲದಿದ್ದರೂ ಆಗುತ್ತದೆ ಎಂದು ಕೇಂದ್ರ ಸರ್ಕಾರ 2020ರಲ್ಲಿ ಹೇಳಿದ್ದು ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ಪಂಚರ್ ಕಿಟ್ ಮೂರೂ ಇರುವ ಕಾರುಗಳಿಗೆ. ರಾತ್ರಿ ಹೊತ್ತು ಪಂಚರ್ ಅಂಗಡಿ ಹುಡುಕಬೇಕಾದ ನಮ್ಮ ರಸ್ತೆಗಳಲ್ಲಿ ಸ್ಟೆಪ್ನಿ ಬಿಟ್ಟು ಓಡಾಡುವುದು ಜಾಣತನವಲ್ಲ.

ಇನ್ನು ವೈರಿನ ಮಾತು. ನಮಗೆ ಹೆಚ್ಚು ಹೆದರಿಕೆ ಇರುವುದು ಇಲ್ಲೇ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 1000 ವ್ಯಾಟ್ ನೋಡಬೇಡಿ, ಪಕ್ಕದಲ್ಲಿ ಸಣ್ಣದಾಗಿ ಬರೆದ ಆರ್‌ಎಂಎಸ್ ಲೆಕ್ಕ ನೋಡಿ. ನಿಜವಾದ 300 ವ್ಯಾಟ್ ಬೇಕೆಂದರೂ 12 ವೋಲ್ಟ್ ಬ್ಯಾಟರಿಯಿಂದ 25 ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಬೇಕು. ತೆಳು ವೈರ್ ಹಾಕಿದರೆ ಕಾಯುತ್ತದೆ. ತಾಮ್ರದ ವೈರ್ ಎಂದು ಕೊಟ್ಟದ್ದನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ವೈರ್ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹತ್ತದಂತೆ ಕಾಯುವುದು ಅದೇ. ತಗಡಿನ ತೂತಿನಲ್ಲಿ ವೈರ್ ತೂರಿಸುವ ಕಡೆ ರಬ್ಬರ್ ಬುಷ್ ಹಾಕಿಸಿ. ಅರ್ಥಿಂಗ್ ಕೊಡುವಲ್ಲಿ ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಬಿಗಿಸಿ.

ಮುಚ್ಚಿಟ್ಟ ವೈರ್ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಇಲಿಯ ಕಣ್ಣಿಗೆ ಬೀಳುತ್ತದೆ. ಕಾರು ಕೊಟ್ಟಿಗೆ ಪಕ್ಕ ನಿಲ್ಲುವ ಮನೆಗಳಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ಮ್ಯಾಟ್ ಎತ್ತಿ ನೋಡಿ.

ಅಪ್ಪಂದಿರಿಗೂ ಒಂದು ಮಾತು. ಬೇಡವೇ ಬೇಡ ಎಂದು ಗದರಿದರೆ ಹುಡುಗರು ಕದ್ದು ಹಾಕಿಸುತ್ತಾರೆ. ಕದ್ದು ಹಾಕಿಸಿದ್ದಕ್ಕೆ ದುಡ್ಡು ಸಾಲದು. ಆಗ ಮೊದಲು ಬಿಟ್ಟುಹೋಗುವುದು ಫ್ಯೂಸ್ ಮತ್ತು ಒಳ್ಳೆಯ ವೈರ್. ಅದರ ಬದಲು ಜೊತೆಗೆ ಹೋಗಿ, ನಿಂತು ಕೆಲಸ ಮಾಡಿಸಿ.

ಹುಡುಗರೇ, ವೂಫರ್ ಅಡಗಿಸಿದರೂ ಸದ್ದು ಅಡಗುವುದಿಲ್ಲ. ಬೇಸ್ ಗಾಜು ತಗಡು ದಾಟಿ ಹೊರಗೆ ಬರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ನಿಯಮ ಹಾಗಿರಲಿ, ಊರೊಳಗೆ ತೊಟ್ಟಿಲ ಮಗು ಇದೆ, ಪರೀಕ್ಷೆಗೆ ಓದುವವರಿದ್ದಾರೆ, ಹಾಸಿಗೆ ಹಿಡಿದವರಿದ್ದಾರೆ. ಊರ ಬಾಗಿಲಲ್ಲಿ ಬೇಸ್ ಇಳಿಸಿದರೆ ನಿಮ್ಮ ಹಾಡಿಗೇನೂ ನಷ್ಟವಿಲ್ಲ.

ನಮ್ಮ ಗೆಳೆಯ ಬಾಕ್ಸ್ ಮಾರಿ ಈಗ ಸೀಟಿನ ಕೆಳಗಿನ 8 ಇಂಚಿನದಕ್ಕೆ ಬಂದಿದ್ದಾನೆ. ಮೊದಲಿನಷ್ಟು ಗುದ್ದುವುದಿಲ್ಲ ಎಂದು ಆಗಾಗ ಗೊಣಗುತ್ತಾನೆ. ಡಿಕ್ಕಿಯಲ್ಲಿ ಸಂತೆ ಚೀಲ ಕೂತಿದೆ, ಅಮ್ಮ ಸುಮ್ಮನಾಗಿದ್ದಾರೆ.

ನೀವು ಅಂಗಡಿಗೆ ಹೋದಾಗ ಎರಡೇ ಪ್ರಶ್ನೆ ಕೇಳಿ: ಫ್ಯೂಸ್ ಎಲ್ಲಿ ಹಾಕ್ತೀರಿ? ಇದನ್ನು ಹಾಕಿದ ಮೇಲೆ ಸ್ಟೆಪ್ನಿ ತೆಗೆಯೋಕೆ ಎಷ್ಟು ನಿಮಿಷ ಬೇಕು? ನೇರವಾಗಿ ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.