ಸತ್ತವರು ವೀಡಿಯೋದಾಗ ಬಂದು ಸಾಕ್ಷಿ ಹೇಳೂದಿಲ್ಲ

ಮಳೆ ಬಿದ್ದು ಹೊಲದ ಕೆಲಸ ಸುರುವಾದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಾವು ಕಡಿದ ಸುದ್ದಿಗಳೂ ಸುರುವಾಗುತ್ತವೆ. ಹಿಂದೆ ಜನ ಮಂತ್ರ ಹಾಕುವವನ ಮನಿಗೆ ಓಡುತ್ತಿದ್ದರು. ಈಗ ಆ ತ್ರಾಸೂ ಇಲ್ಲ. ಅವನೇ ಫೋನಿನಾಗ ಬಂದು ಕೂತಿದ್ದಾನೆ. ಬೇರು ಅರೆದು ಕುಡಿಸಿರಿ, ಹಾವಿನ ಕಲ್ಲು ಇಟ್ಟರೆ ವಿಷ ಹೀರುತ್ತದೆ, ಬ್ಲೇಡಿನಿಂದ ಕೊಯ್ದು ರಕ್ತ ಹರಿಬಿಡಿರಿ ಎಂದು ಎರಡೆರಡು ನಿಮಿಷದ ವೀಡಿಯೋ. ಕೊನೆಗೆ "ತಪ್ಪದೆ ಎಲ್ಲರಿಗೂ ಕಳಿಸಿರಿ" ಎಂಬ ಅಪ್ಪಣೆ ಬೇರೆ!

ಜನ ಯಾಕೆ ನಂಬುತ್ತಾರೆ? ವೀಡಿಯೋದಾಗ ಬದುಕಿ ಉಳಿದವನೊಬ್ಬ ಕೈ ಮುಗಿದು "ನನಗ ಆರಾಮಾತ್ರಿ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಗುಟ್ಟು ಬೇರೆಯೇ ಇದೆ. ಕಡಿಯುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷದ ಹಾವು ಸಹ ಕಡಿದಾಗಲೆಲ್ಲ ವಿಷ ಬಿಡೂದಿಲ್ಲ. ಅಂಥ ವೇಳೆ ಬೇರು ಕುಡಿಸಿದರೂ ಬದುಕುತ್ತಾನೆ, ಬರೀ ನೀರು ಕುಡಿಸಿದರೂ ಬದುಕುತ್ತಾನೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವು ಮೈಯಾಗ ವಿಷ ಇಳಿಸಿದ ಮೇಲೆ ಯಾವ ಬೇರೂ ನಡೆಯೂದಿಲ್ಲ. ಬೇರು ನಂಬಿ ಸತ್ತವನು ವೀಡಿಯೋದಾಗ ಬಂದು ಸಾಕ್ಷಿ ಹೇಳುತ್ತಾನೇನು?

ಕಟ್ಟುಹಾವಂತೂ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ. ಬೆಳಗಾಗೋದರೊಳಗೆ ಕಣ್ಣೆವೆ ಜೋತು ಬಿದ್ದು ಉಸಿರು ನಿಲ್ಲುತ್ತದೆ. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಮದ್ದು ಇದೆ. ಕುದುರೆಗೆ ಅಳತೆಯ ವಿಷ ಕೊಟ್ಟು, ಅದರ ರಕ್ತದಿಂದ ತೆಗೆದ ಇಂಜೆಕ್ಷನ್ ಅದು. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಕಟ್ಟಬೇಡಿರಿ, ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ. ಕಡಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿರಿ, ಇಲ್ಲವೇ ಸಿಕ್ಕ ಗಾಡಿ ಹತ್ತಿಸಿರಿ. ಬೇರು ಹುಡುಕುತ್ತ ಕಳೆದ ಒಂದು ತಾಸು ಮತ್ತೆ ಬರೂದಿಲ್ಲ.

ಇದೇನು ಸಣ್ಣ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ 58,000 ಎಂದು ತಜ್ಞರು 2020ರಲ್ಲಿ ಅಂದಾಜು ಮಾಡಿದ್ದಾರೆ.

ವೀಡಿಯೋ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಏಪ್ರಿಲ್‌ನಲ್ಲಿ, ಕೊರೊನಾ ಹಾವಳಿಯ ನಡುವೆ, ಮೂಗಿಗೆ ನಿಂಬೆರಸ ಹಾಕಿಕೊಂಡರೆ ಆಮ್ಲಜನಕ ಏರುತ್ತದೆಂಬ ಮಾತು ಫೋನಿಂದ ಫೋನಿಗೆ ಹಬ್ಬಿತು. ನಮ್ಮದೇ ಭಾಗದ ಸಿಂಧನೂರಿನಲ್ಲಿ ಮಾಸ್ತರರೊಬ್ಬರು ಹಾಗೆ ಮಾಡಿಕೊಂಡು ತೀರಿಹೋದರೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಆ ಉಪಾಯ ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆ ಆಮೇಲೆ ಸಾರಿತು. ಸುಳ್ಳು ಊರು ಸುತ್ತಿ ಬಂದ ಮೇಲೆ ಸತ್ಯ ಚಪ್ಪಲಿ ಹುಡುಕುತ್ತಿತ್ತು!

ಅಂಗಡಿಕಾರ ಬಂಧುಗಳೇ, ಚೀಲ ಬಿಚ್ಚಿ, ಕಾಳು ಅಂಗೈಯಾಗ ಹಿಡಿದು ನೋಡದೆ ತೊಗರಿ ಖರೀದಿ ಮಾಡುವ ಅಡತಿಯವರು ಯಾರಾದರೂ ಇದ್ದಾರೆಯೇ? ಹಾಗಿದ್ದ ಮೇಲೆ ಯಾರೋ ಕಳಿಸಿದ ಮದ್ದನ್ನು ಪರೀಕ್ಷೆ ಇಲ್ಲದೆ ನೂರು ಗಿರಾಕಿಗಳಿಗೆ ದಾಟಿಸುವುದು ಯಾವ ವ್ಯಾಪಾರ? ಬಸ್ಸಿನಾಗ ಕೂತು ಬೇಸರಕ್ಕೆ ಫೋನ್ ಒತ್ತುವವರೂ ಇದನ್ನು ಕೇಳಿಕೊಳ್ಳಬೇಕು. "ನಾನೇನು ಮಾಡಿದ್ದಲ್ಲ, ಬಂದದ್ದು ಕಳಿಸಿದೆ" ಎಂದರೆ ಮುಗಿಯಲಿಲ್ಲ. ಕಲಬೆರಕೆ ಮಾಲು ಮಾರಿದವನೂ ಇದೇ ಮಾತು ಹೇಳುತ್ತಾನೆ.

ಇನ್ನು ಆರೋಗ್ಯ ಇಲಾಖೆಯವರಿಗೆ ಎರಡು ಮಾತು. ಹಾವು ಕಡಿದ ಪ್ರತಿ ಪ್ರಕರಣವನ್ನೂ ದವಾಖಾನೆಗಳು ವರದಿ ಮಾಡಲೇಬೇಕೆಂದು 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಒಳ್ಳೆಯದು. ಆದರೆ ಲೆಕ್ಕ ಕಡತದಾಗ ಕೂತರೆ ಯಾರಿಗೆ ಬಂತು? ಇಂಜೆಕ್ಷನ್ ಯಾವ ಯಾವ ದವಾಖಾನೆಯಲ್ಲಿ ಇದೆ, ರಾತ್ರಿ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂಬುದನ್ನು ಮೂರೂ ಊರುಗಳ ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿರಿ. ತಾಲ್ಲೂಕಾ ದವಾಖಾನೆಯ ಡಾಕ್ಟರರು ನಮ್ಮ ಮಾತಿನಾಗೇ ಎರಡು ನಿಮಿಷದ ವೀಡಿಯೋ ಮಾಡಿ ಬಿಡಲಿ. ರಾತ್ರಿ ಹನ್ನೆರಡಕ್ಕೆ ಹೋದವನಿಗೆ ದವಾಖಾನೆ ಬಾಗಿಲು ತೆರೆದಿರಲಿ, ಒಳಗೆ ಮದ್ದು ಇರಲಿ. ಬಾಗಿಲು ಮುಚ್ಚಿದ್ದರೆ ಜನ ಮತ್ತೆ ಫೋನಿನ ಡಾಕ್ಟರನನ್ನೇ ಕೇಳುತ್ತಾರೆ. ಆಗ ತಪ್ಪು ಜನರದ್ದಲ್ಲ.